ಲಿವರಿನ ಕಾಯಿಲೆ, ಥೈರಾಯ್ಡಿನ ಮೇಲೆ ದೂರು

ಈ ಸಲ ಒಬ್ಬ ಸೋದರಿಯ ಪತ್ರದಿಂದಲೇ ಆರಂಭಿಸೋಣ. ಅವರು ಬರೆದಿರುವುದು ಹೀಗೆ:

“ನಮ್ಮ ತಾಯಿಗೆ ಐವತ್ತೆಂಟು ವರ್ಷ. ಮೂರು ವರ್ಷದಿಂದ ಲಿವರ್ ಕಾಯಿಲೆ, ಸಿರೋಸಿಸ್ ಅಂತ ಡಾಕ್ಟರು ಹೇಳಿದ್ದಾರೆ. ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆ ಇದೆ. ಈಗ ಎರಡು ತಿಂಗಳಿಂದ ತುಂಬಾ ಸುಸ್ತು, ಚಳಿ ತಡೆಯೋದಿಲ್ಲ, ಮೈಚರ್ಮ ಒಣಗಿದೆ. ಊರಿಗೆ ಬಂದಿದ್ದ ರಕ್ತಪರೀಕ್ಷೆಯ ಕ್ಯಾಂಪಿನಲ್ಲಿ ಎಲ್ಲಾ ಟೆಸ್ಟೂ ಒಟ್ಟಿಗೆ ಮಾಡಿಸಿದೆವು. ವರದಿಯಲ್ಲಿ ಟಿ-3 ಕಡಿಮೆ ಅಂತ ನಕ್ಷತ್ರದ ಗುರುತು ಹಾಕಿದ್ದಾರೆ. ಪಕ್ಕದ ಮನೆಯವರು ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ‘ಇದು ಥೈರಾಯ್ಡೇ ಕಣಮ್ಮಾ, ನನಗೂ ಹೀಗೇ ಆಗಿತ್ತು’ ಅಂತ ತಮ್ಮ ಡಬ್ಬಿಯಿಂದಲೇ ಹತ್ತು ಮಾತ್ರೆ ಕೊಟ್ಟಿದ್ದಾರೆ. ಅಮ್ಮನಿಗೆ ಕೊಡಲೇ?”

ಬೇಡ ತಂಗೀ, ಕೊಡಬೇಡಿ. ಆ ಮಾತ್ರೆಗಳನ್ನು ಹಾಗೇ ಪಕ್ಕದ ಮನೆಗೆ ವಾಪಸು ಕೊಟ್ಟುಬಿಡಿ. ನೆರೆಯಾಕೆಯ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ರೋಗ ಬೇರೆ, ನಿಮ್ಮ ತಾಯಿಯ ವರದಿಯ ಮೇಲಿನ ನಕ್ಷತ್ರ ಬೇರೆ ಇರಬಹುದು. ನೋಡುವುದಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೆ.

ಜೊತೆಗೇ ಇನ್ನೊಂದು ಮಾತು. ಮಾತ್ರೆ ಕೊಡಬೇಡಿ ಅಂದಮಾತ್ರಕ್ಕೆ ನಿಮ್ಮ ತಾಯಿಗೆ ಥೈರಾಯ್ಡ್ ತೊಂದರೆ ಇಲ್ಲವೇ ಇಲ್ಲ ಎಂದು ಅರ್ಥವಲ್ಲ. ಇದ್ದರೂ ಇರಬಹುದು. ಅದನ್ನು ಹೇಳಬೇಕಾದ್ದು ಟಿ-3 ಅಲ್ಲ, ಬೇರೆ ಎರಡು ಅಂಕಿಗಳು. ಲಿವರಿನ ಹಳೆಯ ರೋಗವಿದ್ದವರ ಮನೆಗಳಲ್ಲಿ ಈ ಗೊಂದಲ ಎರಡು ರೀತಿಯಲ್ಲೂ ಕೇಡು ಮಾಡುತ್ತದೆ. ಕೆಲವರು ಇಲ್ಲದ ಥೈರಾಯ್ಡ್ ರೋಗಕ್ಕೆ ಮಾತ್ರೆ ನುಂಗುತ್ತಾರೆ. ಇನ್ನು ಕೆಲವರು ಇರುವ ಥೈರಾಯ್ಡ್ ರೋಗವನ್ನು ‘ಎಲ್ಲಾ ಲಿವರಿಂದೇ ಕಾಟ’ ಎಂದು ಸಹಿಸಿಕೊಂಡು ಕೂತಿರುತ್ತಾರೆ. ಎರಡೂ ತಪ್ಪಬೇಕಾದರೆ ಈ ಎರಡು ಅಂಗಗಳ ನಂಟು ನಮಗೆ ಸ್ವಲ್ಪ ತಿಳಿದಿರಬೇಕು.

ಭತ್ತ ಒಂದು ಕಡೆ, ಅಕ್ಕಿ ಇನ್ನೊಂದು ಕಡೆ

ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ಮುಂಭಾಗದಲ್ಲಿ, ಚಿಟ್ಟೆಯ ಆಕಾರದಲ್ಲಿ. ನಮ್ಮ ಮೈಯ ಬಿಸಿ, ಹೃದಯದ ಬಡಿತದ ವೇಗ, ಕರುಳಿನ ಚಲನೆ, ಮನಸ್ಸಿನ ಚುರುಕು ಇವೆಲ್ಲಕ್ಕೂ ಅದರ ರಸ ಬೇಕು. ಈ ರಸದಲ್ಲಿ ಮುಖ್ಯವಾಗಿ ಎರಡು ಬಗೆ: ಟಿ-4 ಮತ್ತು ಟಿ-3. ಅಂಕಿ ಹೇಳುವುದು ಅದರಲ್ಲಿರುವ ಅಯೋಡಿನ್ ಕಣಗಳ ಲೆಕ್ಕವನ್ನು. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು.

ಗ್ರಂಥಿ ಹೆಚ್ಚಾಗಿ ಹೊರಗೆ ಕಳಿಸುವುದು ಟಿ-4ನ್ನು. ಅದು ಭತ್ತ ಇದ್ದ ಹಾಗೆ. ಭತ್ತವನ್ನು ನಾವು ಹಾಗೇ ಬೇಯಿಸಿ ಉಣ್ಣುತ್ತೇವೆಯೇ? ಇಲ್ಲ. ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಬರಬೇಕು. ಟಿ-4ನಿಂದ ಒಂದು ಅಯೋಡಿನ್ ಕಣ ಕಳಚಿದರೆ ಅದು ಟಿ-3 ಆಗುತ್ತದೆ. ಮೈಯೊಳಗೆ ನಿಜವಾಗಿ ಕೆಲಸಕ್ಕೆ ಬರುವ ಅಕ್ಕಿ ಅದೇ. ನಮ್ಮ ರಕ್ತದಲ್ಲಿರುವ ಟಿ-3ರಲ್ಲಿ ಶೇಕಡಾ 80ರಷ್ಟು ಹೀಗೆ ಗ್ರಂಥಿಯ ಹೊರಗೆ ತಯಾರಾದದ್ದು. ಆ ಕೆಲಸ ನಡೆಸುವ ದೊಡ್ಡ ಮಿಲ್ಲುಗಳಲ್ಲಿ ಲಿವರ್ ಒಂದು. ಮೂತ್ರಪಿಂಡ, ಸ್ನಾಯು ಮುಂತಾದವೂ ಇದರಲ್ಲಿ ಕೈ ಹಾಕುತ್ತವೆ.

ಇದು ವಿಜ್ಞಾನಿಗಳಿಗೂ ಒಂದೇ ದಿನ ತಿಳಿದದ್ದಲ್ಲ. ಟಿ-4ನ್ನು ಅಮೆರಿಕದ ಕೆಂಡಾಲ್ ಎಂಬ ವಿಜ್ಞಾನಿ 1914ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ದಿನವೇ ಬೇರ್ಪಡಿಸಿದರು. ಮುಂದೆ ಮೂವತ್ತೆಂಟು ವರ್ಷ ಜಗತ್ತು ಅದೊಂದನ್ನೇ ಥೈರಾಯ್ಡಿನ ರಸ ಎಂದು ನಂಬಿತ್ತು. 1952ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಟಿ-3 ಕಂಡುಹಿಡಿದರು. ಅದು ಟಿ-4ಗಿಂತ ಎಷ್ಟೋ ಪಾಲು ಚುರುಕು ಎಂದೂ ತೋರಿಸಿದರು. ಇವರಲ್ಲಿ ರೋಸಲಿಂಡ್ ಹೆಣ್ಣುಮಗಳು ಎಂಬುದನ್ನು ನಾವು ನೆನಪಿಟ್ಟುಕೊಳ್ಳಬೇಕಾದ್ದೇ. ಆಮೇಲೆ 1970ರಲ್ಲಿ ಥೈರಾಯ್ಡ್ ಗ್ರಂಥಿಯೇ ಕೆಲಸ ಮಾಡದವರಿಗೆ ಬರೀ ಟಿ-4 ಕೊಟ್ಟು ನೋಡಿದರು. ಅವರ ರಕ್ತದಲ್ಲಿ ಟಿ-3 ಕಾಣಿಸಿತು! ಗ್ರಂಥಿ ಇಲ್ಲದೆ ಅದು ಎಲ್ಲಿಂದ ಬಂತು? ಮೈಯೇ ಮಾಡಿಕೊಂಡಿತು. ಭತ್ತ ಅಕ್ಕಿಯಾಗುವುದು ಬೇರೆ ಕಡೆ ಎಂಬುದು ಹೀಗೆ ಗೊತ್ತಾಯಿತು.

ಚೀಲ ಹೊಲಿಯುವುದೂ ಲಿವರೇ

ಲಿವರಿನ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಥೈರಾಯ್ಡಿನ ರಸ ರಕ್ತದಲ್ಲಿ ಒಂಟಿಯಾಗಿ ತಿರುಗುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಕೆಲವು ಪ್ರೊಟೀನುಗಳಿಗೆ ಅಂಟಿಕೊಂಡೇ ಸಾಗುತ್ತದೆ. ಈ ಪ್ರೊಟೀನುಗಳನ್ನು ಧಾನ್ಯದ ಚೀಲ ಎಂದುಕೊಳ್ಳಿ. ಚೀಲ ಹೊಲಿಯುವುದೂ ಲಿವರೇ. ಚೀಲದಿಂದ ಬಿಚ್ಚಿದ ಒಂದು ಚಿಟಿಕೆಯಷ್ಟು ರಸ ಮಾತ್ರ ಜೀವಕೋಶದೊಳಗೆ ಹೋಗಿ ಕೆಲಸ ಮಾಡುತ್ತದೆ. ಅದಕ್ಕೇ ವರದಿಯಲ್ಲಿ ‘ಒಟ್ಟು ಟಿ-4’ ಅಂತ ಒಂದು, ‘ಫ್ರೀ ಟಿ-4’ ಅಂತ ಇನ್ನೊಂದು ಇರುತ್ತದೆ. ಒಟ್ಟು ಎಂದರೆ ಚೀಲದ ಸಮೇತ ತೂಕ. ಫ್ರೀ ಎಂದರೆ ಕೈಗೆ ಸಿಗುವಷ್ಟು ಮಾತ್ರ.

ಹೆಚ್ಚಾದ ರಸವನ್ನು ಪಿತ್ತದ ಮೂಲಕ ಕರುಳಿಗೆ ಸಾಗಿಸಿ ಹೊರಗೆ ಹಾಕುವುದರಲ್ಲೂ ಲಿವರಿನ ಪಾಲಿದೆ. ಹೀಗೆ ಮಿಲ್ಲೂ ಅದೇ, ಚೀಲದವನೂ ಅದೇ, ಕಸ ಸಾಗಿಸುವವನೂ ಅದೇ. ಇಂಥ ಲಿವರು ಸೊರಗಿದರೆ ಥೈರಾಯ್ಡಿನ ವರದಿ ಹೇಗೆ ನೆಟ್ಟಗಿದ್ದೀತು, ನೀವೇ ಹೇಳಿ.

ವರದಿಯಲ್ಲಿ ಏನೇನು ಕಾಣುತ್ತದೆ?

ಮೊದಲು ಹೊಸದಾಗಿ ಬಂದ ಕಾಮಾಲೆಯ ಮಾತು. ವೈರಸ್ಸಿನಿಂದ ಲಿವರು ಊದಿಕೊಂಡಾಗ ಚೀಲದ ಪ್ರೊಟೀನು ರಕ್ತದಲ್ಲಿ ಹೆಚ್ಚಾಗುತ್ತದೆ. ಆಗ ಒಟ್ಟು ಟಿ-4 ಹೆಚ್ಚಾಗಿ ಕಾಣಬಹುದು. ಫ್ರೀ ಟಿ-4 ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಗರ್ಭಿಣಿಯರಲ್ಲೂ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲೂ ಇದೇ ಕಾರಣದಿಂದ ಒಟ್ಟು ಅಂಕಿ ಏರುವುದುಂಟು. ಅದು ಥೈರಾಯ್ಡ್ ರೋಗವಲ್ಲ.

ಸಿರೋಸಿಸ್ ಎಂದರೆ ಬಹಳ ವರ್ಷಗಳ ಗಾಯದಿಂದ ಲಿವರು ಗಂಟುಗಂಟಾಗಿ ಗಟ್ಟಿಯಾಗುವುದು. ಇದರಲ್ಲಿ ಕಥೆ ಬೇರೆ. ಮಿಲ್ಲಿನ ಕೆಲಸ ಕುಂಟುತ್ತದೆ, ಟಿ-3 ಇಳಿಯುತ್ತದೆ. ಅಯೋಡಿನ್ ಕಣ ಕಳಚಬೇಕಾದ ಜಾಗದಲ್ಲಿ ಕಳಚದೆ ಬೇರೆ ಜಾಗದಲ್ಲಿ ಕಳಚಿದರೆ ‘ರಿವರ್ಸ್ ಟಿ-3’ ಎಂಬ ಜೊಳ್ಳು ಹುಟ್ಟುತ್ತದೆ. ಅದು ಕೆಲಸಕ್ಕೆ ಬಾರದು. ಸಿರೋಸಿಸ್‌ನಲ್ಲಿ ಈ ಜೊಳ್ಳು ಹೆಚ್ಚಾಗಿರುತ್ತದೆ. ರೋಗ ಬಲಿತಾಗ ಚೀಲದ ಪ್ರೊಟೀನೂ ಕಡಿಮೆಯಾಗಿ ಒಟ್ಟು ಟಿ-4 ಕೂಡ ಇಳಿಯಬಹುದು. ಇಷ್ಟೆಲ್ಲಾ ಆದರೂ ಟಿ.ಎಸ್.ಎಚ್. ಬಹುಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ, ಇಲ್ಲವೇ ಅತ್ತಿತ್ತ ಸ್ವಲ್ಪ ಸರಿದಿರುತ್ತದೆ.

ಈ ಟಿ.ಎಸ್.ಎಚ್. ಏನು? ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಹುಕುಂ ಅದು. ಥೈರಾಯ್ಡ್ ಸೋಮಾರಿಯಾದರೆ ಹುಕುಂ ಜೋರಾಗುತ್ತದೆ, ಅಂಕಿ ಏರುತ್ತದೆ. ಥೈರಾಯ್ಡ್ ಅತಿಯಾಗಿ ದುಡಿದರೆ ಹುಕುಂ ನಿಂತುಹೋಗುತ್ತದೆ, ಅಂಕಿ ಇಳಿಯುತ್ತದೆ. ದೊಡ್ಡವರಲ್ಲಿ ಇದು ಸುಮಾರು 0.4ರಿಂದ 4ರವರೆಗೆ ಇದ್ದರೆ ಸರಿ. ಲ್ಯಾಬಿನಿಂದ ಲ್ಯಾಬಿಗೆ ಕೊಂಚ ವ್ಯತ್ಯಾಸವುಂಟು.

ಅಂದಮೇಲೆ ಲಿವರ್ ರೋಗಿಯ ವರದಿಯಲ್ಲಿ ಮೊದಲು ಕಣ್ಣು ಹಾಯಿಸಬೇಕಾದ್ದು ಟಿ.ಎಸ್.ಎಚ್. ಮೇಲೆ. ಎರಡನೆಯದು ಫ್ರೀ ಟಿ-4. ಟಿ-3ರ ನಕ್ಷತ್ರ ಆಮೇಲಿನ ಮಾತು. ಟಿ.ಎಸ್.ಎಚ್. ಸ್ಪಷ್ಟವಾಗಿ 10 ದಾಟಿ, ಫ್ರೀ ಟಿ-4 ಕಡಿಮೆ ಇದ್ದರೆ ಥೈರಾಯ್ಡೇ ಸೋತಿದೆ ಎಂಬ ಗುಮಾನಿ ಬಲವಾಗುತ್ತದೆ. ಟಿ.ಎಸ್.ಎಚ್. ಒಂದಿಷ್ಟೇ ಏರಿದ್ದರೆ ಡಾಕ್ಟರು ಸಾಮಾನ್ಯವಾಗಿ ಆರೆಂಟು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಯಾಕೆಂದರೆ ಯಾವುದೇ ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಅದು ತಾನಾಗಿಯೇ ಏರಿ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಮಲಗಿರುವಾಗ ಮಾಡಿದ ಥೈರಾಯ್ಡ್ ಪರೀಕ್ಷೆಯನ್ನು ಮನೆಗೆ ಬಂದಮೇಲೆ ಇನ್ನೊಮ್ಮೆ ಮಾಡಿಸಿ ಎನ್ನುವುದೂ ಇದಕ್ಕೇ.

ಕಡಿಮೆ ಇದ್ದರೆ ತುಂಬಿಸಬಾರದೇ?

‘ಟಿ-3 ಕಡಿಮೆ ಇದೆ ಅಂತೀರಿ, ಮಾತ್ರೆ ಕೊಟ್ಟು ತುಂಬಿಸಿದರೆ ಏನಾಯ್ತು?’ ನ್ಯಾಯವಾದ ಪ್ರಶ್ನೆ.

ಬರಗಾಲದ ವರ್ಷ ಮನೆಯ ಹಿರಿಯಾಕೆ ಏನು ಮಾಡುತ್ತಾಳೆ? ಅಳತೆ ಮಾಡಿ ಅಕ್ಕಿ ಹಾಕುತ್ತಾಳೆ. ನೆಂಟರನ್ನು ಕರೆಯುವುದಿಲ್ಲ, ಹಬ್ಬ ಚಿಕ್ಕದು ಮಾಡುತ್ತಾಳೆ. ಮೈಯೂ ಹಾಗೇ. ದೊಡ್ಡ ರೋಗ ಬಂದಾಗ ಟಿ-3 ಇಳಿಸಿ ಖರ್ಚು ತಗ್ಗಿಸುತ್ತದೆ ಎಂದೇ ವೈದ್ಯರ ಅಭಿಪ್ರಾಯ. ಉಪವಾಸವಿದ್ದರೂ ಟಿ-3 ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಥೈರಾಯ್ಡ್ ಮಾತ್ರೆ ಕೊಡುವುದೆಂದರೆ ಸೋತ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಲಾಭವಾಗುತ್ತದೆ ಎಂದು ಸಾಬೀತಾಗಿಲ್ಲ. ನಷ್ಟ ಮಾತ್ರ ಖಂಡಿತ ಆಗಬಹುದು: ಎದೆ ಡವಡವ ಎನ್ನುವುದು, ಹೃದಯದ ತಾಳ ತಪ್ಪುವುದು, ಮೂಳೆ ಸವೆಯುವುದು. ಸಿರೋಸಿಸ್ ಇರುವವರ ತೋಳು ತೊಡೆ ಮೊದಲೇ ಕರಗಿರುತ್ತವೆ. ಅತಿಯಾದ ಥೈರಾಯ್ಡ್ ರಸ ಅದನ್ನು ಇನ್ನೂ ಕರಗಿಸುತ್ತದೆ.

ಆದರೆ ಆ ನಕ್ಷತ್ರವನ್ನು ಕಸಕ್ಕೆ ಹಾಕಬೇಡಿ. ಸಾಮಾನ್ಯವಾಗಿ ಲಿವರು ಹೆಚ್ಚು ಸೋತಷ್ಟೂ ಟಿ-3 ಹೆಚ್ಚು ಇಳಿಯುತ್ತದೆ. ಲಿವರ್ ಬದಲಾಯಿಸುವ ಶಸ್ತ್ರಚಿಕಿತ್ಸೆ ಆದಮೇಲೆ ಏನೂ ಥೈರಾಯ್ಡ್ ಮಾತ್ರೆ ಇಲ್ಲದೆ ಟಿ-3 ಸರಿಯಾಗುವುದನ್ನು ವೈದ್ಯರು ಕಂಡಿದ್ದಾರೆ. ಅಂದರೆ ಆ ಅಂಕಿ ದೂರು ಹೇಳುತ್ತಿರುವುದು ಲಿವರಿನ ಬಗ್ಗೆ. ಟಿ-3 ಇಳಿದಿದ್ದರೆ ಲಿವರ್ ಡಾಕ್ಟರನ್ನು ಕಾಣುವ ದಿನ ಮುಂದೂಡಬೇಡಿ, ಹಿಂದಕ್ಕೇ ತನ್ನಿ.

‘ಎಲ್ಲಾ ಲಿವರಿಂದೇ’ ಅನ್ನಬೇಡಿ

ಈಗ ಇನ್ನೊಂದು ಮಗ್ಗುಲು. ಲಿವರಿನ ಕೆಲವು ಕಾಯಿಲೆಗಳ ಜೊತೆ ನಿಜವಾದ ಥೈರಾಯ್ಡ್ ರೋಗ ಬರುವುದು ಮಾಮೂಲಿಗಿಂತ ಹೆಚ್ಚು. ಅದೂ ಹೆಂಗಸರಲ್ಲೇ ಹೆಚ್ಚು.

ನಮ್ಮ ಮೈಯ ಕಾವಲುಪಡೆ ತನ್ನವರನ್ನೇ ಶತ್ರುಗಳೆಂದು ಬಗೆದು ಹೊಡೆಯುವ ರೋಗಗಳಿವೆ. ಥೈರಾಯ್ಡನ್ನು ಹೊಡೆದರೆ ಹಾಶಿಮೊಟೊ ರೋಗ. ಲಿವರನ್ನು ಹೊಡೆದರೆ ಆಟೊಇಮ್ಯೂನ್ ಹೆಪಟೈಟಿಸ್. ಲಿವರಿನೊಳಗಿನ ಸಣ್ಣ ಪಿತ್ತನಾಳಗಳನ್ನು ಹೊಡೆದರೆ ಪ್ರೈಮರಿ ಬಿಲಿಯರಿ ಕೋಲಾಂಜೈಟಿಸ್. ಈ ಕೊನೆಯದನ್ನು 2015ರವರೆಗೆ ಬಿಲಿಯರಿ ಸಿರೋಸಿಸ್ ಎನ್ನುತ್ತಿದ್ದರು. ಎಲ್ಲರಿಗೂ ಸಿರೋಸಿಸ್ ಆಗುವುದಿಲ್ಲವಾದ್ದರಿಂದ ಹೆಸರು ಬದಲಾಯಿಸಿದರು. ಇದು ನಡುವಯಸ್ಸಿನ ಹೆಂಗಸರ ರೋಗವೆಂದೇ ಹೆಸರಾದದ್ದು. ಮೈತುಂಬ ತುರಿಕೆ, ವಿಪರೀತ ದಣಿವು ಇದರ ಲಕ್ಷಣ. ಇಂಥವರಲ್ಲಿ ಹಲವರಿಗೆ ಥೈರಾಯ್ಡ್ ಕೂಡ ಸೋತಿರುತ್ತದೆ. ಆದ್ದರಿಂದ ಈ ರೋಗಗಳಿದ್ದವರಿಗೆ ಥೈರಾಯ್ಡ್ ಪರೀಕ್ಷೆ ಆಗಾಗ್ಗೆ ಆಗಲೇಬೇಕು.

ಹೆಪಟೈಟಿಸ್-ಸಿ ಆಗಿದ್ದವರದ್ದು ಇನ್ನೊಂದು ಗುಂಪು. ಹಿಂದೆ ಇದಕ್ಕೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರು. ಅದರಿಂದ ಕೆಲವರ ಥೈರಾಯ್ಡ್ ಕೆಡುತ್ತಿತ್ತು. ಈಗ ಆ ಕಾಲ ಹೋಯಿತು. ಬಹುಪಾಲು ರೋಗಿಗಳಿಗೆ ಮೂರು ತಿಂಗಳ ಮಾತ್ರೆಯಲ್ಲೇ ಗುಣವಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಈ ಔಷಧಿ ಉಚಿತ. ಹಳೆಯ ಚುಚ್ಚುಮದ್ದು ತೆಗೆದುಕೊಂಡವರು ಮನೆಯಲ್ಲಿದ್ದರೆ ಆ ವಿಷಯ ಡಾಕ್ಟರಿಗೆ ಹೇಳಿ.

ತೊಂದರೆ ಏನೆಂದರೆ ಲಕ್ಷಣಗಳು ಬೆರೆತುಹೋಗುತ್ತವೆ. ಸುಸ್ತು, ಮುಖ ಕಾಲು ಊತ, ಒಣ ಚರ್ಮ, ಮಂಕು, ಮಲಬದ್ಧತೆ. ಇವು ಥೈರಾಯ್ಡ್ ಸೋತರೂ ಬರುತ್ತವೆ, ಲಿವರ್ ಸೋತರೂ ಬರುತ್ತವೆ. ಅದರಲ್ಲೂ ಮಲಬದ್ಧತೆಯನ್ನು ಹಗುರವಾಗಿ ಕಾಣಬೇಡಿ. ಸಿರೋಸಿಸ್ ಇದ್ದವರಲ್ಲಿ ಮಲ ಕಟ್ಟಿದರೆ ಕರುಳಿನ ವಿಷ ರಕ್ತಕ್ಕೇರಿ ಮಂಪರು, ಮತಿಭ್ರಮೆ ಬರಬಹುದು. ಥೈರಾಯ್ಡ್ ಸೋತದ್ದು ಗೊತ್ತಾಗದೇ ಉಳಿದರೆ ಆ ಮಲಬದ್ಧತೆ ಇನ್ನೂ ಹೆಚ್ಚುತ್ತದೆ. ನಿಜವಾದ ರೋಗಕ್ಕೆ ಸರಿಯಾದ ಪ್ರಮಾಣದ ಮಾತ್ರೆ ಬೇಕೇ ಬೇಕು.

ಥೈರಾಯ್ಡ್ ಅತಿಯಾಗಿ ದುಡಿಯುವುದೂ ಬಚ್ಚಿಟ್ಟುಕೊಳ್ಳಬಲ್ಲದು. ಅದರ ಮುಖ್ಯ ಸುಳಿವು ಎದೆ ಡವಡವ, ಕೈ ನಡುಕ. ಆದರೆ ಸಿರೋಸಿಸ್‌ನಲ್ಲಿ ಅನ್ನನಾಳದ ರಕ್ತಸ್ರಾವ ತಡೆಯಲು ಪ್ರೊಪ್ರನಾಲಾಲ್‌ನಂಥ ಮಾತ್ರೆ ಕೊಟ್ಟಿರುತ್ತಾರೆ. ಅದು ನಾಡಿಯನ್ನು ನಿಧಾನಿಸುತ್ತದೆ, ಸುಳಿವು ಮುಚ್ಚಿಹೋಗುತ್ತದೆ. ಚೆನ್ನಾಗಿ ಉಂಡರೂ ತೂಕ ಕರಗುತ್ತಿದ್ದರೆ, ಸೆಕೆ ತಡೆಯದಿದ್ದರೆ ಬಾಯಿಬಿಟ್ಟು ಹೇಳಿ.

ಈಗಾಗಲೇ ಅತಿ ಥೈರಾಯ್ಡಿಗೆ ಕಾರ್ಬಿಮಜೋಲ್ ಅಥವಾ ಪ್ರೊಪೈಲ್‌ಥಯೋಯುರಾಸಿಲ್ ಮಾತ್ರೆ ನುಂಗುವವರಿಗೂ ಒಂದು ಎಚ್ಚರಿಕೆ. ಅಪರೂಪಕ್ಕೆ ಇವು ಲಿವರಿಗೆ ಪೆಟ್ಟು ಕೊಡುತ್ತವೆ. ಎರಡನೆಯದರ ಬಗ್ಗೆ ಅಮೆರಿಕ ಸರ್ಕಾರ 2010ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿದೆ. ಕಣ್ಣು ಹಳದಿ, ಮೂತ್ರ ಗಾಢ ಹಳದಿ, ಮೈಯೆಲ್ಲ ತುರಿಕೆ, ಊಟ ಸೇರದಿರುವುದು ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಡಾಕ್ಟರ ಬಳಿ ಹೋಗಿ.

ನಿಮ್ಮ ಕೈಯಲ್ಲಿರುವುದು

ಇಷ್ಟೂ ಡಾಕ್ಟರ ಕೆಲಸವಾಯಿತು. ಇನ್ನು ಅಡಿಗೆಮನೆಯ ಕೆಲಸ. ಇದೇನೂ ಚಿಕ್ಕದಲ್ಲ.

ಉಪವಾಸ ಬೇಡ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪೊತ್ತು ಎಂದು ನಮ್ಮ ಹಿರಿಯ ಹೆಂಗಸರು ರೋಗವಿದ್ದರೂ ಬಿಡುವುದಿಲ್ಲ. ಸಿರೋಸಿಸ್ ಇರುವವರಿಗೆ ರಾತ್ರಿಯಿಂದ ಬೆಳಗಿನವರೆಗಿನ ಹಸಿವೇ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ. ಮೈ ತನ್ನ ಸ್ನಾಯುವನ್ನೇ ತಿನ್ನತೊಡಗುತ್ತದೆ. ಟಿ-3 ಇನ್ನಷ್ಟು ಇಳಿಯುತ್ತದೆ. ‘ಅಮ್ಮಾ, ದೇವರ ಹೆಸರಿನಲ್ಲಿ ಒಂದು ಹೂವೇರಿಸಿ, ಊಟ ಮಾತ್ರ ಬಿಡಬೇಡಿ’ ಎಂದು ಪ್ರೀತಿಯಿಂದ ಹೇಳಿ. ಮಲಗುವ ಮುನ್ನ ಏನಾದರೂ ತಿನ್ನಲೇಬೇಕು.

ಬೇಳೆ ಬಿಡಿಸಬೇಡಿ. ಲಿವರ್ ಕಾಯಿಲೆಗೆ ಬರೀ ಅನ್ನ ಮಜ್ಜಿಗೆ ಎಂಬುದು ಹಳೆಯ ಮಾತು. ಈಗ ವೈದ್ಯರು ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನು ಬೇಕೆನ್ನುತ್ತಾರೆ. ಐವತ್ತು ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಹೆಸರುಬೇಳೆ, ತೊಗರಿ, ಹಾಲು, ಮೊಸರು, ಸೇರುವವರಿಗೆ ಮೊಟ್ಟೆ, ಮೀನು. ಮೂತ್ರಪಿಂಡವೂ ಸೋತಿದ್ದರೆ ಮಾತ್ರ ಅಳತೆಯನ್ನು ಡಾಕ್ಟರಿಂದ ಕೇಳಿಕೊಳ್ಳಿ.

ಉಪ್ಪಿನ ಲೆಕ್ಕ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ದಿನಕ್ಕೆ ಒಂದು ಸಣ್ಣ ಚಮಚೆ, ಅಂದರೆ ಸುಮಾರು 5 ಗ್ರಾಂ ಉಪ್ಪು ಮಾತ್ರ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ದೂರ ಇಡಿ. ಅಡಿಗೆ ಸೋಡಾದಲ್ಲೂ ಸೋಡಿಯಂ ಇದೆ. ಹಾಕುವ ಆ ಸ್ವಲ್ಪ ಉಪ್ಪು ಅಯೋಡಿನ್ ಉಪ್ಪೇ ಆಗಿರಲಿ. ಥೈರಾಯ್ಡಿನ ಕಚ್ಚಾಮಾಲು ಅದು. ‘ಸೈಂಧವ ಉಪ್ಪು ಲಿವರಿಗೆ ಒಳ್ಳೇದು’ ಎಂಬ ಮಾತಿಗೆ ಮರುಳಾಗಬೇಡಿ. ಅದೂ ಸೋಡಿಯಮ್ಮೇ, ಅಯೋಡಿನ್ ಬೆರೆಸಿರದಿದ್ದರೆ ಅದೂ ಇಲ್ಲ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟಾಸಿಯಂ ಇರುತ್ತದೆ. ನೀರು ಇಳಿಯಲು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಅದು ಅಪಾಯ.

ಮಾತ್ರೆಯ ಹೊತ್ತು. ಡಾಕ್ಟರೇ ಥೈರಾಕ್ಸಿನ್ ಬರೆದುಕೊಟ್ಟಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ. ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಲಿವರ್ ರೋಗದ ತುರಿಕೆಗೆ ಕೊಲೆಸ್ಟಿರಮೀನ್ ಎಂಬ ಪುಡಿ ಕೊಡುವುದುಂಟು. ಅದು ಕರುಳಿನಲ್ಲೇ ಥೈರಾಕ್ಸಿನನ್ನು ಹೀರಿಕೊಂಡುಬಿಡುತ್ತದೆ. ಇವೆರಡರ ನಡುವೆಯೂ ಕಡಿಮೆಯೆಂದರೆ ನಾಲ್ಕು ಗಂಟೆ ಅಂತರವಿರಲಿ. ‘ಮಾತ್ರೆ ನುಂಗಿದರೂ ಟಿ.ಎಸ್.ಎಚ್. ಇಳಿಯೋದೇ ಇಲ್ಲ’ ಎನ್ನುವವರು ಈ ಪುಡಿಯ ಮೇಲೆ ಒಂದು ಕಣ್ಣಿಡಿ.

ಪರೀಕ್ಷೆಗೆ ಮುಂಚೆ. ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್ ಮಾತ್ರೆ ಥೈರಾಯ್ಡ್ ವರದಿಯನ್ನೇ ತಲೆಕೆಳಗು ಮಾಡಬಲ್ಲದು. ಎರಡು ದಿನ ಮೊದಲೇ ನಿಲ್ಲಿಸಿ. ನುಂಗುವ ಎಲ್ಲಾ ಮಾತ್ರೆಗಳ ಪಟ್ಟಿ ಡಾಕ್ಟರಿಗೆ ತೋರಿಸಿ.

ನಾಟಿ ಔಷಧಿ, ಪುಡಿ, ಕಷಾಯ. ಅಶ್ವಗಂಧ ಶಕ್ತಿಗೆ ಒಳ್ಳೆಯದೆಂದು ಈಗ ಮನೆಮನೆಗೂ ಬಂದಿದೆ. ಅದು ಥೈರಾಯ್ಡ್ ರಸವನ್ನು ಏರಿಸಬಲ್ಲದು, ಕೆಲವರ ಲಿವರಿಗೂ ಪೆಟ್ಟು ಕೊಟ್ಟಿದೆ. ಅಮೃತಬಳ್ಳಿಯನ್ನು ದಿನವೂ ಸೇವಿಸಿ ಲಿವರು ಕೆಟ್ಟ ಪ್ರಸಂಗಗಳನ್ನು ನಮ್ಮ ದೇಶದ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಲಿವರು ಮೊದಲೇ ಸೋತವರ ಮೇಲೆ ಇಂಥ ಪ್ರಯೋಗ ಬೇಡ.

ಮಲಗುವ ಮುನ್ನ ಹೆಸರುಬೇಳೆ ಗಂಜಿ

ಬೇಕಾಗುವುದು: ಅಕ್ಕಿ ತರಿ ಅರ್ಧ ಬಟ್ಟಲು, ಹೆಸರುಬೇಳೆ ಕಾಲು ಬಟ್ಟಲು, ಜೀರಿಗೆ ಅರ್ಧ ಚಮಚೆ, ಜಜ್ಜಿದ ಶುಂಠಿ ಸ್ವಲ್ಪ, ಕರಿಬೇವು ಒಂದು ಎಸಳು, ಹಾಲು ಒಂದು ಲೋಟ, ತುಪ್ಪ ಒಂದು ಚಮಚೆ.

ಮಾಡುವ ವಿಧಾನ: ಹೆಸರುಬೇಳೆಯನ್ನು ಘಂ ಎನ್ನುವ ಹಾಗೆ ಹುರಿದು ತೊಳೆಯಿರಿ. ಅಕ್ಕಿ ತರಿ, ಬೇಳೆ, ಶುಂಠಿಗೆ ಐದು ಬಟ್ಟಲು ನೀರು ಹಾಕಿ ಮೆತ್ತಗೆ ಬೇಯಿಸಿ. ಇಳಿಸುವ ಮುನ್ನ ಕಾಯಿಸಿದ ಹಾಲು ಬೆರೆಸಿ. ತುಪ್ಪದಲ್ಲಿ ಜೀರಿಗೆ, ಕರಿಬೇವಿನ ಒಗ್ಗರಣೆ ಕೊಡಿ. ಇದು ಇಬ್ಬರಿಗೆ ಸಾಕು. ಉಪ್ಪು ಹಾಕದಿದ್ದರೂ ಹುರಿದ ಬೇಳೆ, ಜೀರಿಗೆಯ ಪರಿಮಳಕ್ಕೆ ಬಾಯಿಗೆ ರುಚಿಯಾಗುತ್ತದೆ. ನೀರು ಕುಡಿಯುವುದಕ್ಕೆ ಡಾಕ್ಟರು ಮಿತಿ ಹಾಕಿದ್ದರೆ ಗಂಜಿಯನ್ನು ಗಟ್ಟಿಯಾಗಿ ಮಾಡಿ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬೆರೆಸಬೇಡಿ. ಒಂದು ಬಟ್ಟಲು ತಿಂದು ಸಕ್ಕರೆ ಎಷ್ಟಾಯಿತೆಂದು ನೋಡಿಕೊಳ್ಳಿ.

ಡಾಕ್ಟರ ಎದುರು ಕೂತಾಗ

ಮಗನೋ ಅಳಿಯನೋ ಕರೆದುಕೊಂಡು ಹೋಗಲಿ, ನೀವೂ ಜೊತೆಗೆ ಹೋಗಿ. ಮನೆಯ ರೋಗಿಯ ವಿಷಯ ನಿಮಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ:

ಒಂದು, ಟಿ.ಎಸ್.ಎಚ್. ಮತ್ತು ಫ್ರೀ ಟಿ-4 ಎಷ್ಟಿದೆ? ಎರಡು, ಟಿ-3 ಇಳಿದಿರುವುದು ಥೈರಾಯ್ಡಿನಿಂದಲೋ ಲಿವರಿನಿಂದಲೋ? ಮೂರು, ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು? ಹೀಗೆ ಕೇಳಿದರೆ ಯಾವ ಡಾಕ್ಟರೂ ಬೇಸರಪಡುವುದಿಲ್ಲ.

ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ತಾರೀಕು, ತೂಕ, ಹೊಟ್ಟೆಯ ಸುತ್ತಳತೆ, ದಿನಕ್ಕೆ ಎಷ್ಟು ಸಲ ಮಲವಿಸರ್ಜನೆ, ಆಯಾ ದಿನದ ಮಾತ್ರೆ ಬರೆಯುತ್ತಾ ಹೋಗಿ. ಹಾಲಿನ ಲೆಕ್ಕ ಬರೆಯುವ ಕೈಗೆ ಇದು ಭಾರವಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಯಾವ ವರದಿಗೂ ಕಾಯಬಾರದು. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಹಗಲು ನಿದ್ದೆ ರಾತ್ರಿ ಎಚ್ಚರ, ಮಾತು ತೊದಲುವುದು, ಮನೆಯವರ ಗುರುತು ತಪ್ಪುವುದು, ಹೊಟ್ಟೆನೋವಿನ ಜೊತೆ ಜ್ವರ. ಇವುಗಳಲ್ಲಿ ಯಾವುದು ಕಂಡರೂ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ.

ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಪಕ್ಕದ ಮನೆಗೆ ಸಾಂಬಾರು ಕೊಡೋಣ, ಹೆಪ್ಪಿಗೆ ಮೊಸರು ಕೊಡೋಣ, ಆಸ್ಪತ್ರೆಗೆ ಜೊತೆಗೂ ಹೋಗೋಣ. ಮಾತ್ರೆಯೊಂದನ್ನು ಮಾತ್ರ ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ.